ಎಲ್ಲೆಲ್ಲಿ ಇದ್ರಿ ಬರೀರಿ: ಸೈಂಟಿಸ್ಟ್ ಬಿ ಆಗೋಕೆ ನಾನು ಪಟ್ಟ ಪಾಡು

ಮೊದ್ಲೇ ಒಂದು ಮಾತು, ಯಾವ ಲ್ಯಾಬು, ಏನ್ ಪ್ರಾಜೆಕ್ಟು ಅಂತ ಯಾರೂ ಕೇಳ್ಬೇಡಿ, ಹೇಳಲ್ಲ, ಹೇಳೋ ಹಾಗೂ ಇಲ್ಲ. ಲ್ಯಾಬಿನ ಗೇಟ್ ಒಳಗೆ ಹೋಗೋವರೆಗಿನ ಕಥೆ ಮಾತ್ರ ನನ್ನದು, ಅದನ್ನ ಹೇಳ್ತೀನಿ. ಜೂನಿಯರ್ಸ್ ಸುಮಾರು ಜನ ಡಿಆರ್‌ಡಿಒ (ದೇಶದ ರಕ್ಷಣಾ ಸಂಶೋಧನೆ ಮಾಡೋ ಸರ್ಕಾರಿ ಸಂಸ್ಥೆ) ಸೈಂಟಿಸ್ಟ್ ಆಗೋದು ಹೇಗೆ ಅಕ್ಕಾ ಅಂತ ಕೇಳ್ತಾನೇ ಇರ್ತಾರೆ, ಸೈಂಟಿಸ್ಟ್ ಬಿ ಅಂದ್ರೆ ಅಲ್ಲಿ ಸೈಂಟಿಸ್ಟ್ ಆಗಿ ಸೇರೋ ಮೊದಲ ಮೆಟ್ಟಿಲು, ಎಲ್ರಿಗೂ ಬಿಡಿ ಬಿಡಿಯಾಗಿ ಹೇಳಿ ಹೇಳಿ ಸಾಕಾಯ್ತು, ಆಮೇಲೆ ಎಲ್ರೂ ಕೇಳೋದು ಗೇಟ್ ಎಕ್ಸಾಮ್ (ಇಂಜಿನಿಯರಿಂಗ್ ಓದಿದವ್ರು ಬರೆಯೋ ದೇಶಮಟ್ಟದ ಪರೀಕ್ಷೆ) ಬಗ್ಗೇನೇ, ನಿಜವಾಗ್ಲೂ ತಲೆ ತಿನ್ನೋದು ಅದರ ನಂತರ ಬರೋದು ಅಂತ ಯಾರಿಗೂ ಗೊತ್ತಿರಲ್ಲ. ನನಗೂ ಗೊತ್ತಿರ್ಲಿಲ್ಲ.

ನಮ್ಮೂರು ಚಳ್ಳಕೆರೆ ಹತ್ರ. ತಾತ ಕುರಿ ಕಾಯೋರು, ಈಗ ಕುರಿ ಇಲ್ಲ, ಮಂಡಿ ನೋವಿದೆ ಅಷ್ಟೆ. ನಾನು ಚಿಕ್ಕವಳಿದ್ದಾಗ ತಾತ ಬೇಸಿಗೆ ಬಂದ್ರೆ ಮಂದೆ ಹೊಡ್ಕೊಂಡು ಹೊರಟುಬಿಡೋರು, ಯಾರ್ದೋ ಹೊಲದಲ್ಲಿ ಗೊಬ್ಬರಕ್ಕೆ ಅಂತ ಕುರಿ ತರುಬೋದು, ಅಲ್ಲೇ ಕಂಬಳಿ ಹೊದ್ಕೊಂಡು ಮಲಗೋದು, ಮಳೆ ಬಿದ್ಮೇಲೆ ವಾಪಸ್. ಅಂಥಾ ಊರಿನ ಕಡೆ 2017ರಲ್ಲಿ ಏರೋನಾಟಿಕಲ್ ಟೆಸ್ಟ್ ರೇಂಜ್ ಶುರುವಾಯ್ತು. ಪೈಲಟ್ ಇಲ್ಲದ ವಿಮಾನಗಳನ್ನ ಹಾರಿಸಿ ನೋಡೋ ಜಾಗ. ನಾನು ಆಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ, ಎಲೆಕ್ಟ್ರಾನಿಕ್ಸು, ರಜಕ್ಕೆ ಬಂದಾಗ ಮೇಲೆ ಒಂಥರಾ ಗುಂಯ್ ಅಂತ ಸೌಂಡ್ ಕೇಳೋದು, ಅಷ್ಟೆ ನನಗೂ ಅದಕ್ಕೂ ಇದ್ದ ಸಂಬಂಧ. ಆಮೇಲೆ 2019ರ ಸೆಪ್ಟೆಂಬರಲ್ಲಿ ಜೋಡಿಚಿಕ್ಕೇನಹಳ್ಳಿ ಹತ್ರ ರುಸ್ತುಂ-2 ಅನ್ನೋ ಪೈಲಟ್ ಇಲ್ಲದ ವಿಮಾನ ಬಿತ್ತಲ್ಲ, ಪೇಪರಲ್ಲೆಲ್ಲ ಬಂದಿತ್ತು, ನಮ್ಮ ಚಿಕ್ಕಪ್ಪನ ಮಗ ವಿಡಿಯೋ ಕಳಿಸ್ದ, ಜನ ಜಾತ್ರೆ ಥರ ಸೇರಿದ್ರು. ತಾತಂಗೆ ತೋರಿಸಿದ್ರೆ ಅವರು ಕೇಳಿದ್ದು ಒಂದೇ, "ಒಳಗೆ ಇದ್ದೋನ್ ಏನಾದ?" ಒಳಗೆ ಯಾರೂ ಇರ್ಲಿಲ್ಲ ತಾತ ಅಂದ್ರೆ ನಂಬ್ಲೇ ಇಲ್ಲ. ನನಗೆ ಮಾತ್ರ ಅವತ್ತು ಬೇರೆ ಏನೋ ಅನ್ಸಿದ್ದು, ಬೀಳೋದು ಇಲ್ಲೇ ಬಿದ್ದು ಯಾಕೆ ಬಿತ್ತು ಅಂತ ಗೊತ್ತಾಗ್ಲಿ ಅಂತಾನೇ ಒಂದು ಜಾಗ ಮಾಡಿದಾರಲ್ಲ, ಇಂಥಾ ಕೆಲಸಾನೂ ಇರುತ್ತಾ ಅಂತ. ನಮ್ಮ ಕಾಲೇಜಲ್ಲಿ ಯಾವ್ದೂ ಬೀಳ್ತಾನೇ ಇರ್ಲಿಲ್ಲ, ಎಲ್ಲಾ ಲ್ಯಾಬ್ ರೆಕಾರ್ಡಲ್ಲೂ ರಿಸಲ್ಟ್ ಕರೆಕ್ಟಾಗೇ ಬರೋದು. ಈ ವಿಷ್ಯಕ್ಕೆ ಆಮೇಲೆ ಬರ್ತೀನಿ.

2020ರಲ್ಲಿ ಡಿಗ್ರಿ ಮುಗೀತು, ಕ್ಯಾಂಪಸ್ಸಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಸಿಕ್ಕಿತ್ತು, ಕೊರೋನಾ ಇದ್ದಿದ್ರಿಂದ ಒಂದು ವರ್ಷ ಊರಲ್ಲೇ ಕೂತು ಕೆಲಸ, ಆಮೇಲೆ ಮಾರತಹಳ್ಳಿ ಪಿಜಿ, ಆಮೇಲೆ ಕಗ್ಗದಾಸಪುರದಲ್ಲಿ ಇಬ್ರು ಫ್ರೆಂಡ್ಸ್ ಜೊತೆ ಬಾಡಿಗೆ ಮನೆ. (ಈ ಅಡ್ರೆಸ್ ಎಲ್ಲಾ ಸ್ವಲ್ಪ ನೆನಪಿಟ್ಕೊಳಿ, ಮುಂದೆ ನನಗೆ ಬೇಕಾದ ಹಾಗೆ ನಿಮಗೂ ಬೇಕಾಗುತ್ತೆ.) ಕೆಲಸ ಏನಪ್ಪಾ ಅಂದ್ರೆ ಒಂದು ಬ್ಯಾಂಕಿನ ಅಪ್ಲಿಕೇಶನ್ ಟೆಸ್ಟಿಂಗು. ಕೆಟ್ಟ ಕೆಲಸ ಅಂತೇನಿಲ್ಲ, ಸಂಬಳ ಟೈಮಿಗೆ ಬರೋದು. ಆದ್ರೆ ಕಗ್ಗದಾಸಪುರದ ಪಕ್ಕದಲ್ಲೇ ಸಿ.ವಿ. ರಾಮನ್ ನಗರ, ಅಲ್ಲಿ ಲೈನಾಗಿ ಡಿಆರ್‌ಡಿಒ ಲ್ಯಾಬ್‌ಗಳು, ರಾಡಾರ್ ಮಾಡೋ ಎಲ್‌ಆರ್‌ಡಿಇ, ಪೈಲಟ್ ಇಲ್ಲದ ವಿಮಾನ ಮಾಡೋ ಎಡಿಇ, ಕಾವೇರಿ ಇಂಜಿನ್ ಮಾಡಿದ ಜಿಟಿಆರ್‌ಇ. ದಿನಾ ಬಸ್ಸಲ್ಲಿ ಆ ಕಾಂಪೌಂಡ್ ದಾಟ್ಕೊಂಡು ಬ್ಯಾಂಕಿನ ಲಾಗಿನ್ ಪೇಜ್ ಟೆಸ್ಟ್ ಮಾಡೋಕೆ ಹೋಗ್ತಿದ್ದೆ. ಎಲೆಕ್ಟ್ರಾನಿಕ್ಸ್ ಓದಿರೋಳು. ಹೊಟ್ಟೆ ಉರಿಯುತ್ತೋ ಇಲ್ವೋ ನೀವೇ ಹೇಳಿ.

ಒಳಗೆ ಹೋಗೋ ದಾರಿ ಒಂದೇ ಅಲ್ಲ, ಇದನ್ನ ಸುಮಾರು ಜನ ಕನ್ಫ್ಯೂಸ್ ಮಾಡ್ಕೋತಾರೆ. ಡಿಪ್ಲೊಮಾ, ಬಿಎಸ್ಸಿ, ಐಟಿಐ ಮಾಡಿರೋರಿಗೆ ಸೆಪ್ಟಮ್ ಅಂತ ಬೇರೆ ಎಕ್ಸಾಮು, ಅದು ಟೆಕ್ನಿಕಲ್ ಅಸಿಸ್ಟೆಂಟ್, ಟೆಕ್ನಿಷಿಯನ್ ಪೋಸ್ಟಿಗೆ. ಜೆಆರ್‌ಎಫ್, ಅಂದ್ರೆ ಜೂನಿಯರ್ ರಿಸರ್ಚ್ ಫೆಲೋ, ಅಂತ ಇನ್ನೊಂದು, ಲ್ಯಾಬ್‌ನೋರೇ ಕರೀತಾರೆ, ನನ್ನ ಕ್ಲಾಸ್‌ಮೇಟ್ ಒಬ್ಳು ಹಂಗೆ ಸೇರಿದ್ಳು, 2023ರಿಂದ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ಆಗಿದೆ, ಕಲಿಯೋಕೆ ಒಳ್ಳೇದು ಆದ್ರೆ ಅದು ಪರ್ಮನೆಂಟ್ ಕೆಲಸ ಅಲ್ಲ, ಅದಾದ್ಮೇಲೆ ಸೈಂಟಿಸ್ಟ್ ಮಾಡ್ಕೋತಾರೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. ಸೈಂಟಿಸ್ಟ್ ಬಿ ಅನ್ನೋದು ಗೆಜೆಟೆಡ್ ಪೋಸ್ಟು, ಅದಕ್ಕೆ ಆರಿಸೋದು ಆರ್‌ಎಸಿ, ಅಂದ್ರೆ ರಿಕ್ರೂಟ್‌ಮೆಂಟ್ ಅಂಡ್ ಅಸೆಸ್‌ಮೆಂಟ್ ಸೆಂಟರ್, ದೆಹಲಿಯ ತಿಮಾರ್‌ಪುರದಲ್ಲಿದೆ, 1985ರಿಂದ ಇದೇ ಕೆಲಸ. ಹೆಸರಲ್ಲಿ ಅಸೆಸ್‌ಮೆಂಟ್ ಯಾಕಿದೆ ಅಂದ್ರೆ ಸೇರಿದ ಮೇಲೂ ಬಿ ಇಂದ ಸಿ, ಸಿ ಇಂದ ಡಿ ಅಂತ ಮೇಲೆ ಹೋಗೋವಾಗ ಮತ್ತೆ ಇವರ ಮುಂದೆನೇ ಕೂತು ಮಾಡಿದ ಕೆಲಸ ಹೇಳ್ಬೇಕು. ಮೇಲಿನ ಕುರ್ಚಿ ಖಾಲಿ ಆಗ್ಲಿ ಅಂತ ಕಾಯೋದಿಲ್ಲ ಇಲ್ಲಿ, ಯೋಗ್ಯತೆ ಇದ್ರೆ ಪ್ರಮೋಷನ್, ಇಲ್ಲಾಂದ್ರೆ ಇಲ್ಲ. ಇದು ನನಗೆ ಬಹಳ ಇಷ್ಟ ಆದ ವಿಷ್ಯ, ಹೆದರಿಕೆನೂ ಆಯ್ತು ಬಿಡಿ.

ಗೇಟ್ ಬಗ್ಗೆ ಜಾಸ್ತಿ ಹೇಳಲ್ಲ, ಎಲ್ಲಾ ಕಡೆ ಸಿಗುತ್ತೆ. 3 ಗಂಟೆ, 65 ಪ್ರಶ್ನೆ, 100 ಮಾರ್ಕ್ಸು, ಒಂದೇ ಉತ್ತರ ಆರಿಸೋ ಪ್ರಶ್ನೆ ತಪ್ಪಾದ್ರೆ ಮಾರ್ಕ್ಸ್ ಕಟ್ಟು. 2022ರಲ್ಲಿ ಮೊದಲ ಸಲ ಬರೆದೆ, ನಾಲ್ಕು ಜನ ಇರೋ ಪಿಜಿ ರೂಮಲ್ಲಿ ರಾತ್ರಿ ಲೈಟ್ ಆಫ್ ಮಾಡು ಅಂತ ಬೈಸ್ಕೊಂಡು ಮೊಬೈಲ್ ಟಾರ್ಚಲ್ಲಿ ಓದಿದ್ದು, ಕ್ವಾಲಿಫೈ ಆದೆ ಅಷ್ಟೆ, ಆ ಸ್ಕೋರಿಗೆ ಯಾರೂ ಕರೆಯಲ್ಲ. 2023ರಲ್ಲಿ ಎರಡನೇ ಸಲ. ಈ ಸಲ ಮಾಡಿದ ಒಂದೇ ಬದಲಾವಣೆ ಅಂದ್ರೆ ಎಲ್ಲಾ ಸಬ್ಜೆಕ್ಟ್ ಮುಟ್ಟೋದು ಬಿಟ್ಟೆ, ಎಲೆಕ್ಟ್ರೋಮ್ಯಾಗ್ನೆಟಿಕ್ಸ್, ಸಿಗ್ನಲ್ಸ್, ಕಮ್ಯುನಿಕೇಶನ್, ಮ್ಯಾಥ್ಸ್, ಆಮೇಲೆ 15 ಮಾರ್ಕ್ಸಿನ ಆಪ್ಟಿಟ್ಯೂಡು, ಇಷ್ಟನ್ನ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳೋ ಥರ ಮಾಡ್ಕೊಂಡೆ. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಅಂದ್ರೆ ಎಲ್ರೂ ಓಡೋಗ್ತಾರೆ, ನಾನು ಅದಕ್ಕೇ ಅದನ್ನ ಹಿಡ್ಕೊಂಡೆ. ಸ್ಕೋರ್ ಚೆನ್ನಾಗಿ ಬಂತು.

ಅದೇ ವರ್ಷ ಆರ್‌ಎಸಿಯವ್ರು ಅರ್ಜಿ ಕರೆದ್ರು, ಒಟ್ಟು 204 ಪೋಸ್ಟು, ಅದರಲ್ಲಿ ಡಿಆರ್‌ಡಿಒಗೆ 181. ಇಡೀ ದೇಶಕ್ಕೆ, ಎಲ್ಲಾ ಬ್ರಾಂಚ್ ಸೇರಿ. ಆ ಸಲದ ಲೆಕ್ಕ ಗೇಟ್‌ಗೆ 80 ಪರ್ಸೆಂಟ್, ಇಂಟರ್ವ್ಯೂಗೆ 20, ಆದ್ರೆ ಇಂಟರ್ವ್ಯೂನಲ್ಲಿ ಇಷ್ಟು ಅಂತ ಕನಿಷ್ಠ ಬರ್ಲೇಬೇಕು, ಬರ್ಲಿಲ್ಲಾಂದ್ರೆ ಗೇಟ್ ಸ್ಕೋರ್ ಎಷ್ಟಿದ್ರೂ ಮನೆಗೆ. ಅದರ ಹಿಂದೆ ಬೇರೆ ಥರ ಇತ್ತು, ಬರೆಯೋ ಪರೀಕ್ಷೆನೂ ಮಾಡಿದಾರೆ, ಅದಕ್ಕೇ ಹೇಳೋದು ನನ್ನ ಮಾತು ಕೇಳಿ ಅದೇ ವೇದ ಅನ್ಕೋಬೇಡಿ, ನಿಮ್ಮ ವರ್ಷದ ನೋಟಿಫಿಕೇಶನ್ ಪೂರ್ತಿ ಓದಿ, ಪೂರ್ತಿ ಅಂದ್ರೆ ಕೊನೆ ಪುಟದವರೆಗೆ. ಹೆಣ್ಮಕ್ಳಿಗೆ ಅಪ್ಲಿಕೇಶನ್ ಫೀಸ್ ಇಲ್ಲ, 100 ರೂಪಾಯಿ ಉಳೀತು, ಆ ಖುಷಿ ಒಂದು ವಾರ ಕೂಡ ಇರ್ಲಿಲ್ಲ.

ಯಾಕಂದ್ರೆ ಒಬಿಸಿ ಸರ್ಟಿಫಿಕೇಟು. ನಮ್ಮದು ಇಲ್ಲಿ 2ಎ, ನನ್ನ ಹತ್ರ ನಾಡಕಚೇರಿಯ ಜಾತಿ ಆದಾಯ ಸರ್ಟಿಫಿಕೇಟ್ ಇತ್ತು, ಸಿಇಟಿಗೆ ಅದೇ ನಡೆದಿತ್ತು, ಆರಾಮಾಗಿದ್ದೆ. ನೋಟಿಫಿಕೇಶನ್ ಓದಿದ್ರೆ ಸೆಂಟ್ರಲ್ ಫಾರ್ಮ್ಯಾಟ್ ಬೇಕು, ನಾನ್ ಕ್ರೀಮಿ ಲೇಯರ್ ಅಂತ ಇರ್ಬೇಕು, ಇಂಥ ಡೇಟ್ ಒಳಗೆ ಇಶ್ಯೂ ಆಗಿರ್ಬೇಕು. ನಮ್ಮ 2ಎ ಸರ್ಟಿಫಿಕೇಟು ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಆಫೀಸಿಗೆ ಹೋಗಿ ಕೇಳಿದ್ರೆ ಅಲ್ಲಿದ್ದ ಕೇಸ್ ವರ್ಕರ್, "ಇದೇ ಕಣಮ್ಮ, ಎಲ್ಲಾ ಕಡೆ ನಡೆಯುತ್ತೆ" ಅಂದ್ರು. ನಡೆಯಲ್ಲ ಸರ್ ಅಂದೆ. ಎರಡು ಸಲ ಅದೇ ಹಳೇ ನಮೂನೆಯಲ್ಲೇ ಬಂತು, ಮೂರನೇ ಸಲ ನಾನೇ ಫಾರ್ಮ್ಯಾಟ್ ಪ್ರಿಂಟ್ ತಗೊಂಡು ಹೋಗಿ ಟೇಬಲ್ ಮೇಲೆ ಇಟ್ಟು, ಸರ್ ಈ ಪದಗಳೇ ಇರ್ಬೇಕು ಅಂತ ಬೆರಳಿಟ್ಟು ತೋರಿಸಿ, ತಹಶೀಲ್ದಾರ್ ಸಹಿ ಬೀಳೋವರೆಗೆ ಬೆಂಚ್ ಮೇಲೆ ಕೂತಿದ್ದೆ, ಆಫೀಸಿಂದ ಮೂರು ದಿನ ರಜ ಹೋಯ್ತು. ಕೆಲಸ ಹುಡುಕ್ತಿರೋರು ಇದೊಂದು ಮಾತ್ರ ಮೊದ್ಲೇ ಮಾಡಿಸಿಟ್ಕೊಳಿ, ಕಾಲ್ ಬಂದ್ಮೇಲೆ ಓಡಾಡ್ಬೇಡಿ.

ಇಂಟರ್ವ್ಯೂ ಲೆಟರ್ ಬಂದಾಗ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬುಕ್ ಮಾಡಿದೆ, ಅವ್ವ ಜೊತೆಗೆ ಬರ್ತೀನಿ ಅಂತ ಹಠ ಮಾಡಿದ್ರು, ಬೇಡ ಅಂದೆ, ಎರಡು ರಾತ್ರಿ ಟ್ರೈನಲ್ಲಿ ಓದ್ಬೋದು ಅಂತ ಲೆಕ್ಕ ಹಾಕಿದ್ದೆ, ಓದಿದ್ದು ನಾಲ್ಕು ಪುಟ, ಪಕ್ಕದ ಬರ್ತಿನ ಮಗು ಜೊತೆ ಆಟ ಆಡಿದ್ದೇ ಜಾಸ್ತಿ. ಬ್ಯಾಗಲ್ಲಿ "ನೀವು ಡಿಫೆನ್ಸ್‌ಗೆ ಯಾಕೆ ಬರ್ಬೇಕು" ಅನ್ನೋ ಪ್ರಶ್ನೆಗೆ ಎರಡು ಪುಟ ಉತ್ತರ ಬರ್ಕೊಂಡಿದ್ದೆ, 1958ರಲ್ಲಿ ಡಿಆರ್‌ಡಿಒ ಹುಟ್ಟಿದ್ದು, ದೌಲತ್ ಸಿಂಗ್ ಕೊಠಾರಿ, ಕಲಾಂ ಸರ್ ಕಾಲದ ಮಿಸೈಲ್ ಪ್ರೋಗ್ರಾಂ 1983, ಸ್ವಾವಲಂಬನೆ, ದೇಶಸೇವೆ, ಎಲ್ಲಾ ಹಾಕಿ ಭಾಷಣ ಥರ ರೆಡಿ ಮಾಡಿದ್ದೆ. ಯಾರೂ ಕೇಳ್ಲಿಲ್ಲ. ಒಂದು ಅಕ್ಷರ ಕೂಡ ಉಪಯೋಗಕ್ಕೆ ಬರ್ಲಿಲ್ಲ.

ಡಾಕ್ಯುಮೆಂಟ್ ಚೆಕ್ ಆಯ್ತು, ಕಾಯೋ ರೂಮಲ್ಲಿ ಕೂತಿದ್ವಿ, ಎಲ್ಲಾ ಐಐಟಿ ಎನ್‌ಐಟಿ ಹುಡುಗರು, ನಾನು ಯಾವ ಕಾಲೇಜ್ ಅಂತ ಕೇಳಿದ್ರೆ ದಾವಣಗೆರೆ ಅಂತ ಹೇಳೋಕೆ ಒಂಥರಾ ಆಗ್ತಿತ್ತು, ಒಬ್ಬ ಅದು ಯಾವ ಸ್ಟೇಟ್ ಅಂದ. ಒಳಗೆ ಕರೆದ್ರು. ಟೇಬಲ್ ಸುತ್ತ ಏಳು ಜನ ಇರ್ಬೇಕು, ಸರಿಯಾಗಿ ಎಣಿಸೋ ಧೈರ್ಯ ಇರ್ಲಿಲ್ಲ, ಒಂದು ವೈಟ್ ಬೋರ್ಡು, ಮಾರ್ಕರು. ಮಧ್ಯದಲ್ಲಿ ಕೂತಿದ್ದವ್ರು ನನ್ನ ಫಾರಂ ನೋಡಿ, ಚಳ್ಳಕೆರೆನಾ, ಸರಿ, ಯಾವ ಸಬ್ಜೆಕ್ಟ್ ಚೆನ್ನಾಗಿ ಬರುತ್ತೆ ಹೇಳಿ ಅಂದ್ರು. ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಅಂದೆ. ಬಲಗಡೆ ಇದ್ದ ಮೇಡಂ ಒಬ್ರು ತಲೆ ಎತ್ತಿ ನೋಡಿದ್ರು.

ಮೊದಲ ಪ್ರಶ್ನೆ ಸಿಂಪಲ್ಲು. ರಾಡಾರ್ ಒಂದು ಟಾರ್ಗೆಟ್ ಅನ್ನ ಇಷ್ಟು ದೂರದಲ್ಲಿ ನೋಡ್ತಿದೆ, ಅದರ ಎರಡರಷ್ಟು ದೂರದಲ್ಲಿ ನೋಡ್ಬೇಕು, ಟ್ರಾನ್ಸ್‌ಮಿಟರ್ ಪವರ್ ಎಷ್ಟು ಜಾಸ್ತಿ ಮಾಡ್ತೀರಾ. ನಾನು ತಟ್ಟಂತ ನಾಲ್ಕು ಪಟ್ಟು ಅಂದೆ. ಯಾರೂ ತಪ್ಪು ಅನ್ಲಿಲ್ಲ, ಸುಮ್ನೆ ನೋಡ್ತಾ ಕೂತ್ರು, ಆ ಮೌನ ಇದೆಯಲ್ಲ, ಬೈದಿದ್ರೂ ಪರವಾಗಿರ್ಲಿಲ್ಲ. ಬೋರ್ಡ್ ಮೇಲೆ ಬರೀತೀನಿ ಸರ್ ಅಂತ ಎದ್ದೆ, ಹೋಗೋ ಅಲೆ ದೂರದ ವರ್ಗದಷ್ಟು ಕಮ್ಮಿ ಆಗುತ್ತೆ, ತಾಗಿ ವಾಪಸ್ ಬರೋದು ಮತ್ತೆ ಅಷ್ಟೇ ಕಮ್ಮಿ ಆಗುತ್ತೆ, ಹೋಗ್ತಾ ಒಂದ್ಸಲ ಬರ್ತಾ ಒಂದ್ಸಲ, ಒಟ್ಟು ದೂರದ ನಾಲ್ಕನೇ ಘಾತ, ಹಂಗಾಗಿ 16 ಪಟ್ಟು. ಹಾಗಾದ್ರೆ ಎದುರಿನೋನು ತನ್ನ ವಿಮಾನ ರಾಡಾರಿಗೆ ಕಾಣೋ ಸೈಜನ್ನ 16 ಪಟ್ಟು ಚಿಕ್ಕದು ಮಾಡ್ಕೊಂಡ್ರೆ? ನಮಗೆ ಅರ್ಧ ದೂರದಲ್ಲಿ ಮಾತ್ರ ಕಾಣುತ್ತೆ ಸರ್. ಬರೀ ಅರ್ಧ. ಹೂಂ ಅಂದ್ರು.

ಆಮೇಲೆ ಡಾಪ್ಲರ್, ಅಂದ್ರೆ ಟಾರ್ಗೆಟ್ ಓಡ್ತಿದ್ರೆ ವಾಪಸ್ ಬರೋ ಅಲೆಯ ಫ್ರೀಕ್ವೆನ್ಸಿ ಎಷ್ಟು ಬದಲಾಗುತ್ತೆ ಅನ್ನೋದು. 10 ಗಿಗಾಹರ್ಟ್ಸ್, ಸೆಕೆಂಡಿಗೆ 300 ಮೀಟರ್ ಸ್ಪೀಡಲ್ಲಿ ಎದುರಿಗೆ ಬರ್ತಿದೆ. ತರಂಗದ ಉದ್ದ 3 ಸೆಂಟಿಮೀಟರು, ಎರಡು ಇಂಟು ಸ್ಪೀಡು ಬೈ ಅದು, 20 ಕಿಲೋಹರ್ಟ್ಸ್. ಸರಿ, ನಿಮ್ಮ ರಾಡಾರು ಸೆಕೆಂಡಿಗೆ 1000 ಪಲ್ಸ್ ಬಿಡುತ್ತೆ, ಈ 20 ಕಿಲೋಹರ್ಟ್ಸ್ ಸರಿಯಾಗಿ ಅಳೀಬೋದಾ? ಇಲ್ಲ ಸರ್, ಪಲ್ಸ್ ರೇಟ್ ಸಾಲಲ್ಲ. ಜಾಸ್ತಿ ಮಾಡಿ ಹಂಗಾದ್ರೆ. ಮಾಡಿದ್ರೆ ದೂರ ಗೊಂದಲ ಆಗುತ್ತೆ ಸರ್, 1000 ಇದ್ದಾಗ 150 ಕಿಲೋಮೀಟರ್‌ವರೆಗೆ ಯಾವ ಪಲ್ಸಿನ ಎಕೋ ಅಂತ ಡೌಟಿಲ್ಲದೆ ಹೇಳ್ಬೋದು, 20,000 ಮಾಡಿದ್ರೆ ಬರೀ ಏಳೂವರೆ ಕಿಲೋಮೀಟರು. ಹಂಗಾದ್ರೆ ಏನ್ ಮಾಡ್ತಾರೆ? ಇಲ್ಲಿ ನಿಂತೆ. ಬೇರೆ ಬೇರೆ ಪಲ್ಸ್ ರೇಟ್ ಬಿಟ್ಟು ಹೋಲಿಸಿ ನೋಡ್ತಾರೆ ಅಂತ ಎಲ್ಲೋ ಓದಿದ್ದೀನಿ ಸರ್, ಆದ್ರೆ ಹೇಗೆ ಲೆಕ್ಕ ಬಿಡಿಸ್ತಾರೆ ಅನ್ನೋದು ಗೊತ್ತಿಲ್ಲ ಅಂದೆ. ಗೊತ್ತಿಲ್ಲ ಅನ್ನೋದನ್ನ ಬೋರ್ಡ್ ಮುಂದೆ ಹೇಳ್ಬೇಕಾದ್ರೆ ನಾಲಿಗೆ ಎಷ್ಟು ಒಣಗುತ್ತೆ ಅಂದ್ರೆ, ಮೇಡಂ ನೀರಿನ ಗ್ಲಾಸ್ ನನ್ನ ಕಡೆ ತಳ್ಳಿದ್ರು.

ಆಮೇಲೆ ಫೈನಲ್ ಇಯರ್ ಪ್ರಾಜೆಕ್ಟು. ಎಲ್ರೂ ಮಾಡೋ ಥರ ನಮ್ಮದೂ ಪ್ಯಾಚ್ ಆಂಟೆನಾ (ಬೋರ್ಡ್ ಮೇಲೆ ತಾಮ್ರದ ಒಂದು ತುಂಡು, ಅದೇ ಪ್ಯಾಚ್), 2.4 ಗಿಗಾಹರ್ಟ್ಸಿಂದು, 1.6 ಮಿಲಿಮೀಟರ್ ದಪ್ಪದ ಎಫ್‌ಆರ್4 ಅನ್ನೋ ಮಾಮೂಲಿ ಸರ್ಕ್ಯೂಟ್ ಬೋರ್ಡ್ ಮೇಲೆ. ಸಿಮ್ಯುಲೇಶನ್ ಮಾತ್ರನಾ, ಮಾಡ್ಸಿದ್ರಾ? ಮಾಡ್ಸಿದ್ವಿ ಸರ್. ಅಳತೆ? ಮಾಡಿದ್ವಿ ಸರ್. ಎಷ್ಟು ಬಂತು?

ಈಗ ಮೊದಲು ಹೇಳಿದ್ನಲ್ಲ, ನಮ್ಮ ಕಾಲೇಜಲ್ಲಿ ಯಾವ್ದೂ ಬೀಳಲ್ಲ ಅಂತ. ನಮ್ಮ ಆಂಟೆನಾ ಅಳತೆ ಮಾಡಿದಾಗ 2.4 ಅಲ್ಲ, 2.35ರ ಹತ್ರ ಬಂದಿತ್ತು. ವೈವಾದಲ್ಲಿ ಪ್ರಶ್ನೆ ಬರುತ್ತೆ, ಸಿಮ್ಯುಲೇಶನ್ ಗ್ರಾಫ್ ಮಾತ್ರ ಹಾಕಿ ಸಾಕು ಅಂತ ಕಾಲೇಜಲ್ಲಿ ಹೇಳಿದ್ರು, ನಾವು ನಾಲ್ಕು ಜನಾನೂ ತಲೆ ಆಡಿಸಿ ಅದನ್ನೇ ಹಾಕಿದ್ವಿ, ಮಾರ್ಕ್ಸೂ ಚೆನ್ನಾಗಿ ಬಂತು. ರಿಪೋರ್ಟ್ ಪ್ರಕಾರ ನಮ್ಮ ಆಂಟೆನಾ ಸರಿಯಾಗಿ 2.4ಕ್ಕೇ ಕೆಲಸ ಮಾಡುತ್ತೆ. ಆ ರಿಪೋರ್ಟ್ ನನ್ನ ಫೈಲಲ್ಲೇ ಇತ್ತು, ಟೇಬಲ್ ಮೇಲೆ. 2.4 ಅಂದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ.

2.35 ಸರ್, ರಿಪೋರ್ಟಲ್ಲಿ ಅದು ಇಲ್ಲ ಅಂದೆ. ಯಾಕಿಲ್ಲ? ಹಾಕಿಲ್ಲ ಸರ್. ಯಾಕೆ ಅಂತ ಮತ್ತೆ ಕೇಳ್ಲಿಲ್ಲ ಪುಣ್ಯಕ್ಕೆ. ಕೊನೇಲಿ ಕೂತಿದ್ದ ವಯಸ್ಸಾದವ್ರು ಒಬ್ರು, ಅಲ್ಲಿವರೆಗೆ ಬಾಯೇ ಬಿಟ್ಟಿರ್ಲಿಲ್ಲ, ಕುರ್ಚಿ ಮುಂದೆ ಎಳ್ಕೊಂಡು, ಅದು ಬಿಡಿ, 50 ಮೆಗಾಹರ್ಟ್ಸ್ ಎಲ್ಲಿಗೆ ಹೋಯ್ತು ಹೇಳಿ ಅಂದ್ರು. ಅಲ್ಲಿಂದ ಮುಂದೆ ಇಂಟರ್ವ್ಯೂನೇ ಅಲ್ಲ ಅದು. ಎಫ್‌ಆರ್4 ಅಂಗಡಿ ಮಾಲು, ಅದರ ಡೈಎಲೆಕ್ಟ್ರಿಕ್ ಕಾನ್‌ಸ್ಟೆಂಟ್ 4.4 ಅಂತ ನಾವು ಸಿಮ್ಯುಲೇಶನ್ನಲ್ಲಿ ಹಾಕಿದ್ದು, ನಿಜವಾದ ಬೋರ್ಡಲ್ಲಿ 4.6 ಇದ್ರೂ ಸಾಕು, ಫ್ರೀಕ್ವೆನ್ಸಿ ಅದರ ವರ್ಗಮೂಲಕ್ಕೆ ಉಲ್ಟಾ ಹೋಗುತ್ತೆ, ಲೆಕ್ಕ ಹಾಕಿದ್ರೆ 2.35 ಹತ್ರನೇ ಬರುತ್ತೆ. ಬೋರ್ಡ್ ಮೇಲೆ ಹಾಕಿ ತೋರಿಸಿದೆ. ಅದೇ ಕಾರಣ ಅಂತ ಹೇಗೆ ಗ್ಯಾರಂಟಿ, ಎಚ್ಚಿಂಗ್ ಮಾಡ್ದೋನು, ಅಂದ್ರೆ ಬೇಡದ ತಾಮ್ರ ತೆಗೆದೋನು, ಪ್ಯಾಚ್ ಉದ್ದ ಅರ್ಧ ಮಿಲಿಮೀಟರ್ ಜಾಸ್ತಿ ಬಿಟ್ಟಿದ್ರೂ ಅಷ್ಟೇ ಆಗುತ್ತಲ್ಲ ಅಂದ್ರು. ನಾನು ಪ್ಯಾಚ್ ಉದ್ದ ಅಳೀಲೇ ಇಲ್ಲ ಸರ್ ಅಂದೆ. ಅವರು ನಕ್ಕರು. ವರ್ನಿಯರ್ ಕ್ಯಾಲಿಪರ್ ಸಾಕಾಗಿತ್ತಲ್ಲಮ್ಮಾ ಅನ್ನೋ ಅರ್ಥದಲ್ಲಿ ಏನೋ ಅಂದ್ರು. ನಿಜ. ಹತ್ತನೇ ಕ್ಲಾಸಿನ ಹುಡುಗ ಮಾಡೋ ಅಳತೆ, ಇಂಜಿನಿಯರಿಂಗ್ ಪ್ರಾಜೆಕ್ಟಲ್ಲಿ ನಾಲ್ಕು ಜನರಲ್ಲಿ ಒಬ್ರಿಗೂ ಹೊಳೀಲಿಲ್ಲ.

ಹೊರಗೆ ಬಂದಾಗ ಫೇಲ್ ಅನ್ಕೊಂಡೆ. ಮೆಟ್ರೋದಲ್ಲಿ ಕೂತು ಅವ್ವಂಗೆ ಫೋನ್ ಮಾಡಿ, ಅಳತೆ ಮಾಡಿಲ್ಲ ಅಂತ ಹೇಳ್ಬಿಟ್ಟೆ ಅವ್ವಾ ಅಂದ್ರೆ ಅವ್ವ ಏನೂ ಅರ್ಥ ಆಗ್ದೇ, ಊಟ ಮಾಡ್ದಾ ಅಂದ್ರು.

ಲಿಸ್ಟಲ್ಲಿ ಹೆಸರು ಬಂತು. ಆ ದಿನದ ಬಗ್ಗೆ ಬರೆಯೋಕೆ ಏನಿಲ್ಲ, ಎಲ್ರ ಮನೇಲೂ ಆಗೋ ಹಾಗೇ ಆಯ್ತು, ಅತ್ರು, ಸ್ವೀಟ್ ಹಂಚಿದ್ರು, ಹತ್ತು ವರ್ಷದಿಂದ ಮಾತಾಡ್ಸದೇ ಇದ್ದ ದೊಡ್ಡಪ್ಪ ಫೋನ್ ಮಾಡಿದ್ರು.

ಆಮೇಲೆ ಬಂತು ಅಟೆಸ್ಟೇಶನ್ ಫಾರಂ, ಪೊಲೀಸ್ರು ನಮ್ಮ ಹಿನ್ನೆಲೆ ವಿಚಾರಿಸೋಕೆ ನಾವೇ ತುಂಬಿ ಕೊಡೋದು. ಮೇಲ್ಗಡೆನೇ ವಾರ್ನಿಂಗು, ಸುಳ್ಳು ಹೇಳಿದ್ರೂ, ಹೇಳ್ಬೇಕಾದ್ದು ಬಿಟ್ರೂ ಕೆಲಸಕ್ಕೆ ಅನರ್ಹ. ಅಪ್ಪ ಅಮ್ಮ ತಮ್ಮ ಎಲ್ರ ವಿವರ, 15ನೇ ವಯಸ್ಸಿಂದ ಓದಿದ ಜಾಗ, ಯಾವತ್ತಾದ್ರೂ ಅರೆಸ್ಟ್ ಆಗಿದ್ರಾ, ನಿಮ್ಮನ್ನ ಗೊತ್ತಿರೋ ಇಬ್ರು ಜವಾಬ್ದಾರಿಯುತ ವ್ಯಕ್ತಿಗಳು, ಕೊನೇಲಿ ಗೆಜೆಟೆಡ್ ಆಫೀಸರ್ ಸಹಿ. ಇದೆಲ್ಲಾ ಸರಿ. ಮಧ್ಯದಲ್ಲಿ ಒಂದು ಕಾಲಂ: ಕಳೆದ ಐದು ವರ್ಷದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಎಲ್ಲೆಲ್ಲಿ ಇದ್ರಿ, ಎಲ್ಲಿಂದ ಎಲ್ಲಿವರೆಗೆ, ಪೂರ್ತಿ ವಿಳಾಸ.

ದಾವಣಗೆರೆ ಹಾಸ್ಟೆಲ್ ಸುಲಭ, ಕಾಲೇಜಲ್ಲಿ ರೆಕಾರ್ಡ್ ಇದೆ. ಊರು ಸುಲಭ. ಕಗ್ಗದಾಸಪುರದ ಮನೆಗೆ ಅಗ್ರಿಮೆಂಟ್ ಇದೆ, ಆದ್ರೆ ಬಾಡಿಗೆ ಅಗ್ರಿಮೆಂಟ್ ಎಲ್ಲಾ 11 ತಿಂಗಳಿಗೆ ಮಾಡೋದಲ್ವಾ, ನಾವು ಅದನ್ನ ರಿನ್ಯೂ ಮಾಡ್ಸಿರ್ಲೇ ಇಲ್ಲ, ಓನರ್ ಅಂಕಲ್ "ಏನ್ ಬೇಕಮ್ಮಾ ಅದೆಲ್ಲಾ, ನಂಬಿಕೆ ಮೇಲೆ ಇರಿ" ಅಂದಿದ್ರು. ಫಾರಂ ಕೇಳ್ತಿರೋದು ಒಂದು ವರ್ಷಕ್ಕಿಂತ ಜಾಸ್ತಿ ಇದ್ದ ಜಾಗ, ಪೇಪರ್ ಪ್ರಕಾರ ನಾನು ಬೆಂಗಳೂರಲ್ಲಿ ಎಲ್ಲೂ ಒಂದು ವರ್ಷ ಇದ್ದೇ ಇಲ್ಲ.

ಮಾರತಹಳ್ಳಿ ಪಿಜಿಯಲ್ಲಿ 14 ತಿಂಗಳು ಇದ್ದೆ. ಬರೀಲೇಬೇಕು, ಬರೆದೆ. ಸ್ವಲ್ಪ ದಿನಕ್ಕೆ ಒಂದು ಸ್ಟೇಷನ್ನಿಂದ ಫೋನು, "ಏನಮ್ಮಾ, ನೀವ್ ಕೊಟ್ಟಿರೋ ಹೆಸ್ರಲ್ಲಿ ಇಲ್ಲಿ ಪಿಜಿನೇ ಇಲ್ವಲ್ಲ." ಎದೆ ಧಸಕ್ ಅಂತು. ಹೋಗಿ ನೋಡಿದ್ರೆ ಬಿಲ್ಡಿಂಗ್ ಅದೇ, ಗೋಡೆಗೆ ಬೇರೆ ಬಣ್ಣ, ಬೇರೆ ಬೋರ್ಡು, ಈಗ ಹುಡುಗರ ಪಿಜಿ. ಲೀಸಿಗೆ ತಗೊಂಡು ನಡೆಸ್ತಿದ್ದ ಆಂಟಿ ಬಿಟ್ಟು ಹೋಗಿದ್ರು, ಹೊಸಬ್ರಿಗೆ ನಾನ್ಯಾರು ಅಂತ ಹೇಗೆ ಗೊತ್ತಿರುತ್ತೆ. ರಶೀದಿ ಯಾರು ಇಟ್ಕೊಂಡಿರ್ತಾರೆ ಪಿಜಿದು. ಆಂಟಿ ನಂಬರ್ ಸ್ವಿಚ್ ಆಫ್. ಹಳೇ ರೂಮ್‌ಮೇಟ್ಸ್ ಗ್ರೂಪಲ್ಲಿ ಹಾಕಿದೆ, ಒಬ್ಳು ಪುಣೆ, ಒಬ್ಳು ಕೆನಡಾ, ಒಬ್ಳು ರಿಪ್ಲೈನೇ ಮಾಡ್ಲಿಲ್ಲ. ಕೊನೆಗೆ ಸಹಾಯಕ್ಕೆ ಬಂದಿದ್ದು ಯಾರು ಅಂದ್ರೆ ಪಕ್ಕದ ಇಸ್ತ್ರಿ ಅಂಗಡಿಯವರು. ಅವರ ಉದ್ದ ನೋಟ್ ಬುಕ್ಕಲ್ಲಿ ರೂಮ್ ನಂಬರ್, ಹೆಸರು, ಎಷ್ಟು ಬಟ್ಟೆ ಅಂತ ತಿಂಗಳು ತಿಂಗಳೂ ಬರೆದಿದ್ದಾರೆ, 304, ನನ್ನ ಹೆಸರು, ಕುರ್ತಾ 4. ಜೊತೆಗೆ ನನ್ನ ಬ್ಯಾಂಕ್ ಸ್ಟೇಟ್‌ಮೆಂಟಲ್ಲಿ ಪ್ರತಿ ತಿಂಗಳು 5ನೇ ತಾರೀಖು ಆಂಟಿಗೆ ಹೋಗಿರೋ ದುಡ್ಡು. ಎರಡೂ ಸೇರಿಸಿ ಕಾನ್‌ಸ್ಟೇಬಲ್ ಮುಂದೆ ಇಟ್ಟೆ. ಅವರು ಇಸ್ತ್ರಿ ಬುಕ್ ತಿರುವಿ ತಿರುವಿ ನೋಡಿ, "ಇದು ನಾನು ಇಪ್ಪತ್ತು ವರ್ಷದಲ್ಲಿ ನೋಡಿರೋ ಬೆಸ್ಟ್ ಪ್ರೂಫ್" ಅಂತ ನಕ್ಕು, ಇಸ್ತ್ರಿ ಅಂಗಡಿಯವರ ಸ್ಟೇಟ್‌ಮೆಂಟ್ ಬರ್ಕೊಂಡ್ರು. ಗೇಟ್‌ಗೆ ಒಂಬತ್ತು ತಿಂಗಳು ಓದಿದಾಗ ಕೂಡ ಇಷ್ಟು ನಿದ್ದೆ ಕೆಟ್ಟಿರ್ಲಿಲ್ಲ.

ಊರಲ್ಲೂ ವಿಚಾರಣೆಗೆ ಬಂದ್ರು. ನಾನಿರ್ಲಿಲ್ಲ, ಅವ್ವ ಆಮೇಲೆ ಹೇಳಿದ್ದು. ಪೊಲೀಸ್ ಬೈಕ್ ನೋಡಿ ಓಣಿಯೋರೆಲ್ಲ ಬಾಗ್ಲಿಗೆ ಬಂದ್ರಂತೆ, ಆ ಹುಡುಗಿ ಬೆಂಗ್ಳೂರಲ್ಲಿ ಏನೋ ಮಾಡ್ಕೊಂಡಿದಾಳೆ ಅಂತ ಅರ್ಧ ಗಂಟೆಲಿ ಊರೆಲ್ಲಾ ಸುದ್ದಿ. ತಾತ ಜಗುಲಿ ಮೇಲೆ ಕೂತಿದ್ರು, ಯಜಮಾನ್ರೆ ಈ ಹುಡುಗಿ ನಿಮ್ಮ ಮೊಮ್ಮಗಳಾ, ಎಷ್ಟು ವರ್ಷದಿಂದ ಇಲ್ಲಿದೀರಿ ಅಂತ ಕೇಳಿದ್ದಾರೆ. ತಾತ, "ಯಾವ ಲೆಕ್ಕದಾಗೆ ಹೇಳ್ಲಿ ಸ್ವಾಮಿ, ವರ್ಷದಾಗೆ ನಾಕ್ ತಿಂಗ್ಳು ಕುರಿ ಹಿಂದೆ ಇರ್ತಿದ್ದೆ" ಅಂದ್ರಂತೆ. ಬಂದವ್ರೂ ನಮ್ಮ ಕಡೆಯವ್ರೇ, ಟೀ ಕುಡಿದು ಬರ್ಕೊಂಡು ಹೋದ್ರು. ನಾನು ಊರಿಗೆ ಹೋದಾಗ ತಾತ ಆ ಫಾರಂ ಏನೇನ್ ಕೇಳುತ್ತೆ ಅಂತ ಪೂರ್ತಿ ಹೇಳಿಸ್ಕೊಂಡ್ರು, ಕೇಳಿ ಸ್ವಲ್ಪ ಹೊತ್ತು ಸುಮ್ನಿದ್ದು, "ಸದ್ಯ, ನಮ್ ಕಾಲ್ದಾಗೆ ಕುರಿ ಕಾಯಾಕೆ ಇದನ್ನ ಕೇಳ್ತಿರ್ಲಿಲ್ಲ ಕಣವ್ವಾ" ಅಂದ್ರು.

ಮೆಡಿಕಲ್ಲೂ ಇತ್ತು, ಕಣ್ಣು, ಎಕ್ಸ್‌ರೇ, ರಕ್ತ, ಮಾಮೂಲಿ. ಒಂದು ಆಸ್ಪತ್ರೇಲಿ ನನ್ನ ಎಕ್ಸ್‌ರೇ ಮೇಲೆ ಯಾರೋ ಗಂಡಸಿನ ಹೆಸರು ಪ್ರಿಂಟ್ ಆಗಿ ಬಂತು, 52 ವರ್ಷ. ಮತ್ತೆ ತೆಗೆಸಿದ್ದಾಯ್ತು.

ಆಫರ್ ಬಂದಾಗ ಹೈದರಾಬಾದ್. ಅವ್ವಂಗೆ ಇದು ಇವತ್ತಿಗೂ ಅರ್ಥ ಆಗಿಲ್ಲ, ಬೆಂಗ್ಳೂರಲ್ಲೇ ಅಷ್ಟು ಲ್ಯಾಬ್ ಇದಾವೆ, ಮೈಸೂರಲ್ಲಿ ಊಟದ್ದೂ ಒಂದು ಇದೆ ಅಂತೀಯಾ, ನಿನ್ನ ಯಾಕೆ ಅಲ್ಲಿಗೆ ಹಾಕಿದ್ರು ಅಂತ. ಅವರಿಗೆ ಎಲ್ಲಿ ಬೇಕೋ ಅಲ್ಲಿ ಹಾಕ್ತಾರೆ ಅವ್ವ. ಚಳ್ಳಕೆರೆಯೋರಿಗೆ ತೆಲುಗು ಬರುತ್ತಲ್ಲ, ಅಷ್ಟೇ ಸಮಾಧಾನ. ಸಂಬಳ ಎಲ್ರೂ ಕೇಳ್ತೀರಾ, ಲೆವೆಲ್ 10, ಬೇಸಿಕ್ 56,100, ಅದರ ಮೇಲೆ ಡಿಎ, ಎಚ್‌ಆರ್‌ಎ. ನನ್ನ ಹಳೇ ಟೀಮಲ್ಲಿ ಕಂಪನಿ ಬದಲಾಯಿಸ್ಕೊಂಡು ಹೋದವ್ರಿಗೆ ಇದಕ್ಕಿಂತ ಜಾಸ್ತಿ ಬರ್ತಿದೆ, ಸುಳ್ಳು ಹೇಳೋದೇನಿದೆ. ದುಡ್ಡೇ ಮುಖ್ಯ ಅನ್ನೋರು ಬರ್ಬೇಡಿ ಅಂತ ಹೇಳಲ್ಲ, ಲೆಕ್ಕ ಹಾಕ್ಕೊಂಡು ಬನ್ನಿ ಅಂತೀನಿ, ಒಳಗೆ ಬಂದು ಗೊಣಗೋರ ಪಕ್ಕ ಕೂರೋದು ಕಷ್ಟ.

ಮೊದಲ ದಿನ ಗೇಟಲ್ಲಿ ಫೋನ್ ತಗೊಂಡು ಟೋಕನ್ ಕೊಟ್ರು. ಕೈಯೇ ಖಾಲಿ ಅನ್ಸಿತು, ಮಧ್ಯಾಹ್ನದವರೆಗೆ ಇಪ್ಪತ್ತು ಸಲ ಜೇಬು ಮುಟ್ಕೊಂಡಿರ್ಬೇಕು. ಅಡ್ಮಿನ್ ಸೆಕ್ಷನ್ನಲ್ಲಿ ಒಂದು ಕಟ್ಟು ಫಾರಂ, ಪ್ರಮಾಣ ವಚನ, 1923ರ ಅಫಿಶಿಯಲ್ ಸೀಕ್ರೆಟ್ಸ್ ಆಕ್ಟ್ ಓದಿ ಅರ್ಥ ಮಾಡ್ಕೊಂಡಿದ್ದೀನಿ ಅಂತ ಸಹಿ, ಮದುವೆ ಆಗಿದ್ಯಾ, ಆಸ್ತಿ ಏನಿದೆ, ನಾಮಿನಿ ಯಾರು. ನಾನು ಫೈಲ್ ತುಂಬಾ ಪ್ರೂಫ್ ತುಂಬ್ಕೊಂಡು ಹೋಗಿದ್ದೆ, ಇಸ್ತ್ರಿ ಬುಕ್ಕಿನ ಝೆರಾಕ್ಸ್ ಕೂಡ ಇತ್ತು, ಯಾವ್ದಕ್ಕೂ ಇರ್ಲಿ ಅಂತ. ಕೊನೇ ಫಾರಂ ಚಿಕ್ಕದು, ಎಲ್‌ಟಿಸಿಗೆ, ರಜದಲ್ಲಿ ಸರ್ಕಾರದ ಖರ್ಚಲ್ಲಿ ಊರಿಗೆ ಹೋಗೋಕೆ. ಹೋಮ್ ಟೌನ್ ಅಂತ ಒಂದೇ ಒಂದು ಗೆರೆ. ಬರೆದು, ಫೈಲ್ ಬಿಚ್ಚೋಕೆ ಹೋದೆ.

ಅದಕ್ಕೆ ಪ್ರೂಫ್ ಏನೂ ಬೇಡ ಮೇಡಂ, ನೀವು ಬರೆದ್ರೆ ಆಯ್ತು ಅಂದ್ರು ಕ್ಲರ್ಕ್.